ಒಂದೇ ತೊಲೆಯ ಎರಡು ಮನೆ

ನಮ್ಮ ಮನೆಯಲ್ಲಿ ಯಾವುದಕ್ಕೂ ಹಳೆಯದಾಗುವಷ್ಟು ಪುರುಸೊತ್ತು ಇರುತ್ತಿರಲಿಲ್ಲ. ನೆಲ ಬಿರುಕು ಬಿಡುವ ಮೊದಲೇ ಸಗಣಿ ಸಾರಿಸಬೇಕು, ಯುಗಾದಿ ಬಂತೆಂದರೆ ಗೋಡೆಗೆ ಸುಣ್ಣ ಹೊಡೆದು ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಎಳೆಯಬೇಕು, ಒಲೆ ಸವೆದರೆ ಒಡೆದು ಹೊಸದು ಹಾಕಬೇಕು, ಮುಂಗಾರಿಗೆ ಮುಂಚೆ ಮಾಳಿಗೆಯ ಮೇಲೆ ಹೊಸ ಚೌಳುಮಣ್ಣು ಹಾಸಬೇಕು. ಐ.ಡಿ.ಹಳ್ಳಿಗೆ ನಡೆದೇ ಹೋಗಿಬರುತ್ತಿದ್ದ ನಮ್ಮ ಊರಿನಲ್ಲಿ ಆಗ ಎಲ್ಲರ ಮನೆಯೂ ಇಂಥದ್ದೇ, ಮಣ್ಣಿನ ಗೋಡೆ, ಮೇಲೆ ಚಪ್ಪಟೆಯಾದ ಮಣ್ಣಿನ ಮಾಳಿಗೆ. ಮನೆ ಕಟ್ಟಿ ಮುಗಿಯಿತು ಎಂಬ ಮಾತನ್ನು ಅಲ್ಲಿ ಯಾರ ಬಾಯಲ್ಲೂ ನಾನು ಕೇಳಲಿಲ್ಲ. ಮೊನ್ನೆ ಕೊರಟಗೆರೆಯಲ್ಲಿ ಬಣ್ಣದ ಅಂಗಡಿಯವನು, ಈ ಪೈಂಟು ಹೊಡೆಸಿಬಿಡಿ ಮೇಡಂ, ಆಮೇಲೆ ಗೋಡೆ ಕಡೆ ತಿರುಗಿಯೂ ನೋಡಬೇಕಿಲ್ಲ ಎಂದಾಗ ನನಗೆ ರೇಗಿಹೋಯಿತು. ತಿರುಗಿಯೂ ನೋಡದ ಗೋಡೆಗೆ ಬಣ್ಣ ಯಾಕಪ್ಪ ಎಂದು ಕೇಳಿ ಬರಿಗೈಯಲ್ಲಿ ವಾಪಸ್ ಬಂದೆ.

ಬದಲಾಗದೆ ಇದ್ದದ್ದು ಒಂದೇ, ನಡುಮನೆಯ ತೊಲೆ. ಅದು ಕಮರದ ಮರದ್ದು. ನಮ್ಮ ಮುತ್ತಾತ ಪಾವಗಡದ ಕಡೆಯ ಕಾಡಿನಿಂದ ಎತ್ತು ಕಟ್ಟಿ ಎಳೆಸಿಕೊಂಡು ಬಂದದ್ದಂತೆ. ಮೊಳೆ ಹೊಡೆದರೆ ಮೊಳೆಯೇ ಬಾಗುವಷ್ಟು ಗಟ್ಟಿ. ಮನೆಯ ಈ ಕೊನೆಯ ಗೋಡೆಯಿಂದ ಆ ಕೊನೆಯ ಗೋಡೆಯವರೆಗೆ ಒಂದೇ ಮರ, ನಡುವೆ ಒಂದು ಕಲ್ಲುಗಂಬದ ಆಸರೆ. ತೊಲೆಯ ಮೇಲೆ ಜಂತೆಗಳು, ಜಂತೆಗಳ ಮೇಲೆ ಸೀಳು ಕಟ್ಟಿಗೆ, ಅದರ ಮೇಲೆ ಬಂದರೆ ಗಿಡದ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು, ಎಲ್ಲಕ್ಕಿಂತ ಮೇಲೆ ಚೌಳು. ಅಷ್ಟು ಭಾರವನ್ನು ಹೊತ್ತುಕೊಂಡು ತೊಲೆ ಒಲೆಯ ಹೊಗೆ ಕುಡಿದು ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಕಂಬದ ಪಕ್ಕದಲ್ಲೇ ತೊಲೆಗೆ ತೊಟ್ಟಿಲು ಕಟ್ಟುತ್ತಿದ್ದರು. ಹಗ್ಗ ಉಜ್ಜಿ ಉಜ್ಜಿ ಅಲ್ಲಿ ಎರಡು ಆಳವಾದ ಗೀರು ಬಿದ್ದಿದ್ದವು. ಅಪ್ಪನನ್ನು ತೂಗಿದ್ದು, ಅಪ್ಪನ ಅಣ್ಣ ನಮ್ಮ ದೊಡ್ಡಪ್ಪನನ್ನು ತೂಗಿದ್ದು, ದೊಡ್ಡಪ್ಪನ ಮಗನನ್ನು ಮತ್ತು ಕೊನೆಗೆ ನನ್ನನ್ನು ತೂಗಿದ್ದು, ಎಲ್ಲ ಆ ಗೀರಿನಲ್ಲಿಯೇ. ಚಾಪೆಯ ಮೇಲೆ ಅಂಗಾತ ಮಲಗಿದರೆ ಕಣ್ಣಿಗೆ ನೇರವಾಗಿ ಬೀಳುತ್ತಿದ್ದುದು ಅದೇ. ದೇವರ ಪಟಕ್ಕಿಂತ ಹೆಚ್ಚಾಗಿ ನಾನು ಅದನ್ನು ನೋಡಿದ್ದೇನೆ.

ನನ್ನನ್ನು ಹೆಚ್ಚಾಗಿ ತೂಗಿದವಳು ಅವ್ವ ಅಲ್ಲ, ದೊಡ್ಡಪ್ಪನ ಹೆಂಡತಿ ದೊಡ್ಡವ್ವ. ಅವಳಿಗೆ ಇದ್ದವನು ಒಬ್ಬ ಮಗ, ನನಗಿಂತ ಬಹಳ ದೊಡ್ಡವನು. ಹೆಣ್ಣುಮಗು ಬೇಕೆಂಬ ಅವಳ ಆಸೆಗೆ ನಾನು ಸಿಕ್ಕಿದೆ, ಸೊಂಟದಿಂದ ಇಳಿಸಲೇ ಇಲ್ಲವಂತೆ. ಅವ್ವ ಪಾವಗಡದ ಆಚೆಯ ಊರಿನವಳು, ಮನೆಮಾತು ತೆಲುಗು, ಚಪ್ಪಡಿ ಹೊದಿಸಿದ ಮನೆಯಲ್ಲಿ ಹುಟ್ಟಿದವಳು. ನಮ್ಮ ಮಾಳಿಗೆ ಅವಳಿಗೆ ಕೊನೆಯವರೆಗೂ ಒಗ್ಗಲಿಲ್ಲ. ತಲೆಯ ಮೇಲೆ ಹೊಲ ಇಟ್ಟುಕೊಂಡು ಮಲಗುವ ಜನ ನೀವು ಎಂದು ಆಡಿಕೊಳ್ಳುತ್ತಿದ್ದಳು. ಶಿಸ್ತಿನವಳು. ನಾನು ಹೊಸ್ತಿಲ ಮೇಲೆ ಕಾಲಿಟ್ಟರೆ ಸಾಕು, ಎಲ್ಲಿದ್ದರೂ ಬಂದು ಬೆನ್ನಿಗೆ ಗುದ್ದುತ್ತಿದ್ದಳು. ಗುದ್ದಿಸಿಕೊಂಡು ಅಳುತ್ತಾ ನಾನು ಓಡುತ್ತಿದ್ದುದು ದೊಡ್ಡವ್ವನ ಸೆರಗಿಗೆ.

ಚೌಳು ತರುವುದರಲ್ಲಿ ದೊಡ್ಡವ್ವನದು ಎತ್ತಿದ ಕೈ. ಕೆರೆಯ ಕೆಳಗೆ ಏನೂ ಬೆಳೆಯದ ಒಂದು ಉಪ್ಪುನೆಲವಿತ್ತು, ಬೇಸಿಗೆಯಲ್ಲಿ ಹಿಟ್ಟು ಚೆಲ್ಲಿದಂತೆ ಬೆಳ್ಳಗೆ ಕಾಣುತ್ತಿತ್ತು. ಆ ಮಣ್ಣೇ ಚೌಳು. ಬೆಳೆಗೆ ಬೇಡವಾದ ಮಣ್ಣು ಮಾಳಿಗೆಗೆ ಬೇಕು. ಮೊದಲ ಮಳೆ ಬಿದ್ದಾಗ ಅದು ಬೆಣ್ಣೆಯ ಹಾಗೆ ಕರಗಿ ಬಿರುಕುಗಳೊಳಗೆ ಇಳಿದು ಕೂತುಬಿಡುತ್ತದೆ, ಆಮೇಲೆ ಎಷ್ಟು ಸುರಿದರೂ ಒಂದು ಹನಿ ಕೆಳಗೆ ಬಿಡುವುದಿಲ್ಲ. ದೊಡ್ಡವ್ವ ಅಲ್ಲಲ್ಲಿ ಕೆದಕಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ನನ್ನ ನಾಲಗೆಗೂ ಇಡುತ್ತಿದ್ದಳು. ಚುರ್ ಎಂದರೆ ಅಲ್ಲೇ ಅಗೆ, ಸಪ್ಪೆ ಎಂದರೆ ಮುಂದಕ್ಕೆ ನಡೆ. ಗಾಡಿಯಲ್ಲಿ ತಂದ ಚೌಳನ್ನು ಬುಟ್ಟಿ ಬುಟ್ಟಿಯಾಗಿ ಏಣಿ ಹತ್ತಿಸಿ ಮಾಳಿಗೆಗೆ ಸುರಿದು, ಹಳೆಯ ಹುಲ್ಲು ಕಿತ್ತು, ಹರಡಿ, ನೀರು ಚಿಮುಕಿಸಿ ಇಡೀ ಮನೆಯವರು ಸಾಲಾಗಿ ತುಳಿಯುತ್ತಿದ್ದರು. ನೀರು ನಿಲ್ಲದಂತೆ ಇಡೀ ಮಾಳಿಗೆ ಒಂದು ಬದಿಯಲ್ಲಿ ನೀರು ಹೊರಗೆ ಬೀಳುವ ಕಲ್ಲು ದೋಣಿಯ ಕಡೆಗೆ ವಾಟವಾಗಿರಬೇಕು. ಅದನ್ನು ದೊಡ್ಡವ್ವ ಕಾಲಿನಲ್ಲೇ ಅಳೆಯುತ್ತಿದ್ದಳು. ನನ್ನ ಎರಡೂ ಕೈ ಹಿಡಿದುಕೊಂಡು ಹಿಂದಕ್ಕೆ ಹಿಂದಕ್ಕೆ ನಡೆಸುತ್ತಾ ಹೇಳುತ್ತಿದ್ದಳು:

“ಹಿಮ್ಮಡಿ ಊರಿ ತುಳಿ ಕಣ್ಮಗ. ನೀನು ಎಲ್ ತುಳೀತೀಯೋ ಅಲ್ಲಿ ಸೋರಾಕಿಲ್ಲ.”

ಅದನ್ನು ನಾನು ಅಕ್ಷರಶಃ ನಂಬಿದ್ದೆ. ಮಳೆ ಬಂದಾಗ ನಡುಮನೆಯಲ್ಲಿ ನಿಂತು ತಲೆ ಎತ್ತಿ, ನಾನು ತುಳಿದ ಜಾಗ ಇದೇ ಇರಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಅಲ್ಲಿ ಸೋರುತ್ತಿರಲಿಲ್ಲ. ಬೇರೆ ಕಡೆಯೂ ಸೋರುತ್ತಿರಲಿಲ್ಲ, ಆದರೆ ಅದು ನನ್ನ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಅಜ್ಜಿ ತೀರಿಕೊಂಡ ಮೇಲೆ ಮನೆ ಪಾಲಾಯಿತು. ಜಗಳವಾಗಿ ಅಲ್ಲ, ದೊಡ್ಡವ್ವನಿಗೂ ಅವ್ವನಿಗೂ ಅಡುಗೆಮನೆಯಲ್ಲಿ ಮಾತು ಕಡಿಮೆಯಾಗಿ ಪಾತ್ರೆಗಳ ಸದ್ದು ಜಾಸ್ತಿಯಾದದ್ದನ್ನು ನೋಡಿ ಗಂಡಸರೇ ಕೂತು ತೀರ್ಮಾನಿಸಿದರು. ನಡುಮನೆಯ ಅಡ್ಡಕ್ಕೆ ಒಂದು ಗೋಡೆ. ಕಂಬದ ಬುಡದಲ್ಲಿಯೇ ಗೋಡೆ ಎಬ್ಬಿಸಲಾಗದು, ಹಾಗಾಗಿ ಕಂಬ ದೊಡ್ಡಪ್ಪನ ಕಡೆಗೆ ಹೋಯಿತು. ನೀರಿನ ದೋಣಿ ನಮ್ಮ ಕಡೆಗೆ ಉಳಿಯಿತು. ತೊಲೆಯನ್ನು ಮಾತ್ರ ಯಾರಿಗೆ ಎಂದು ಹಂಚುವುದು? ಅದು ಎರಡೂ ಮನೆಯ ಮೇಲೆ ಹಾದುಹೋಗಿತ್ತು. ಅಪ್ಪನಿಗೆ ಇದು ಸಮಾಧಾನವೇ ಆಯಿತು. ಕಂಬ ಅಣ್ಣನ ಕಡೆ, ವಾಟ ನಮ್ಮ ಕಡೆ, ತೊಲೆ ಇಬ್ಬರದ್ದು, ಇನ್ನು ಯಾರು ಯಾರನ್ನು ಬಿಟ್ಟು ಎಲ್ಲಿಗೆ ಹೋಗುತ್ತಾರೆ ಎಂದು ಊರಿನವರ ಮುಂದೆ ಹೇಳಿಕೊಂಡು ತಿರುಗಿದ.

ಗೋಡೆ ಕಟ್ಟಲು ಬಂದವನು ಚನ್ನರಾಯನದುರ್ಗದ ಕಡೆಯವನು. ಕೆಸರು ಕಲಸಿ ಒಂದೊಂದೇ ವರಸೆ ಇಟ್ಟು, ಒಣಗಲು ಬಿಟ್ಟು, ಅದರ ಮೇಲೆ ಇನ್ನೊಂದು ವರಸೆ ಇಡುತ್ತಾ ಹೋದ. ತೊಲೆಯ ಕೆಳಗೆ ಒಂದು ಗೇಣಿನಷ್ಟು ಸಂದು ಉಳಿದಾಗ ಕೈ ತೊಳೆದುಕೊಂಡ. ಹಸಿ ಗೋಡೆ ಒಣಗುತ್ತಾ ಇಳಿಯುತ್ತದೆ, ಈಗಲೇ ಮುಚ್ಚಿದರೆ ಆಮೇಲೆ ಬಿರುಕು ಬರುತ್ತದೆ, ಗೋಡೆ ಇಳಿದು ನಿಂತ ಮೇಲೆ ಮುಚ್ಚೋಣ ಎಂದು ಹೇಳಿ ಹೋದ. ಇದು ಎಲ್ಲ ಮಣ್ಣುಗೋಡೆಗೂ ಮಾಡುವ ಕೆಲಸವೇ. ಮುಂದಿನ ವರ್ಷ ಬಂದು ಒಂದು ಬುಟ್ಟಿ ಕೆಸರು ಮೆತ್ತಿದರೆ ಮುಗಿಯಿತು.

ಮುಂದಿನ ವರ್ಷ ಯಾರೂ ಅವನನ್ನು ಕರೆಯಲಿಲ್ಲ. ಅದರ ಮುಂದಿನ ವರ್ಷವೂ ಕರೆಯಲಿಲ್ಲ. ಏಕೆಂದರೆ ಅಷ್ಟರಲ್ಲಿ ಆ ಸಂದಿನಲ್ಲಿ ಸಂಸಾರ ಶುರುವಾಗಿತ್ತು. ದೊಡ್ಡವ್ವ ಹುರುಳಿ ಸಾರು ಕಾಯಿಸಿದ ದಿನ ಆ ಕಡೆಯಿಂದ ಬಟ್ಟಲು ಗೋಡೆಯ ಮೇಲೆ ಬಂದು ಕೂರುತ್ತಿತ್ತು. ಈ ಕಡೆ ನಮ್ಮ ರಾಗಿಯ ವಾಡೆ, ನನ್ನ ಎತ್ತರದ ಮಣ್ಣಿನ ಗುಡಾಣ, ಗೋಡೆಗೆ ಒತ್ತಿಕೊಂಡೇ ಇತ್ತು. ನಾನು ಅದರ ಮೇಲೆ ಹತ್ತಿ ಬಟ್ಟಲು ತೆಗೆದುಕೊಂಡು, ಅವ್ವ ಕೊಟ್ಟ ಮಜ್ಜಿಗೆಯನ್ನೋ ಉಪ್ಪಿನಕಾಯಿಯನ್ನೋ ಇಟ್ಟು ಕಳಿಸುತ್ತಿದ್ದೆ. ಸಂಜೆ ಒಂದು ಬುಡ್ಡಿದೀಪವನ್ನು ಗೋಡೆಯ ನೆತ್ತಿಯ ಮೇಲೆ ಇಟ್ಟರೆ ಎರಡು ಮನೆಗೂ ಬೆಳಕು. ಸೀಮೆಎಣ್ಣೆಯೂ ಉಳಿಯಿತು ಎಂದು ಇಬ್ಬರೂ ಹೇಳುತ್ತಿದ್ದರು. ಒಂದೇ ಮನೆಯಲ್ಲಿದ್ದಾಗ ಮುಖ ಊದಿಸಿಕೊಂಡು ಓಡಾಡುತ್ತಿದ್ದ ಹೆಂಗಸರು ಗೋಡೆ ಎದ್ದ ಮೇಲೆ ಅಕ್ಕತಂಗಿಯರಾದರು. ಯಾರಾದರೂ ನೆಂಟರು ಬಂದು, ಇದೇನು ಗೋಡೆ ಹಿಂಗೆ ಬಿಟ್ಟಿದ್ದೀರಿ ಎಂದು ಕೇಳಿದರೆ ಅಪ್ಪನ ಉತ್ತರ ತಯಾರಿರುತ್ತಿತ್ತು: “ಇನ್ನೂ ಇಳೀತಾ ಐತೆ.” ದೊಡ್ಡಪ್ಪನೂ ಆ ಕಡೆಯಿಂದ ಅದನ್ನೇ ಹೇಳುತ್ತಿದ್ದ. ಗೋಡೆ ಕಲ್ಲಿನ ಹಾಗೆ ಒಣಗಿ ಅದಕ್ಕೆ ಸುಣ್ಣವೂ ಬಿದ್ದಿತ್ತು. ಆದರೂ ನಮ್ಮ ಮನೆಗಳಲ್ಲಿ ಅದು ವರ್ಷಗಟ್ಟಲೆ ಇಳಿಯುತ್ತಲೇ ಇತ್ತು.

ದೊಡ್ಡಪ್ಪನ ಮಗನಿಗೆ ಹೆಣ್ಣು ನೋಡಲು ಶುರುಮಾಡಿದಾಗ ಮಾಳಿಗೆಯ ಮರ್ಯಾದೆ ಹೋಯಿತು. ಶಿರಾ ಕಡೆಯ ಒಂದು ಸಂಬಂಧದವರು ಒಳಗೆ ಬಂದು, ತಲೆ ಎತ್ತಿ ಜಂತೆ ನೋಡಿ, ಕಾಫಿ ಕುಡಿದು ಹೋದರು. ಮಣ್ಣಿನ ಮನೆಗೆ ಹೆಣ್ಣು ಕೊಡುವುದಿಲ್ಲ ಎಂದು ಆಮೇಲೆ ಹೇಳಿ ಕಳಿಸಿದರು. ಅಂದಿನಿಂದ ದೊಡ್ಡಪ್ಪನಿಗೆ ಮೋಲ್ಡು ಹಾಕಿದ ಮನೆಯ ಹುಚ್ಚು ಹಿಡಿಯಿತು. ಇಬ್ಬರೂ ಸೇರಿ ಮಾಳಿಗೆ ಇಳಿಸಿ ಆರ್‌ಸಿಸಿ ಹಾಕಿಸೋಣ ಎಂದ. ಅಪ್ಪ ಬೇಡ ಎನ್ನಲಿಲ್ಲ. ತನಗೆ ಈಗ ಕೈಲಾಗದು, ಎರಡು ಬೆಳೆ ಕಳೆಯಲಿ, ಅಲ್ಲಿಯವರೆಗೆ ತೊಲೆ ಮುಟ್ಟಬೇಡ ಎಂದ. ದೊಡ್ಡಪ್ಪ ಕಂಬಕ್ಕೆ ಕೈ ಇಟ್ಟು ಹೇಳಿದ ಮಾತು, ವಾಡೆಯ ಮೇಲೆ ಕೂತು ಇಣುಕುತ್ತಿದ್ದ ನನ್ನ ಕಿವಿಗೂ ಬಿತ್ತು:

“ನೀನು ಹೂಂ ಅನ್ನಗಂಟ ನಾನು ತೊಲೆ ಮುಟ್ಟಾಕಿಲ್ಲ ಕಣ್ಲಾ. ಅಪ್ಪನಾಣೆಗೂ.”

ಅದಾದ ಮೇಲೆ ಆ ವಿಷಯ ಯಾರೂ ಎತ್ತಲಿಲ್ಲ. ಆ ವರ್ಷವೂ ಚೌಳು ಹಾಸುವ ಕಾಲ ಹತ್ತಿರವಾಗುತ್ತಿತ್ತು. ಅವ್ವನ ತವರಿನಲ್ಲಿ ಅವಳ ತಮ್ಮನ ಮಗುವಿಗೆ ನಾಮಕರಣ ಇಟ್ಟುಕೊಂಡರು. ಅಪ್ಪನಿಗೆ ಬರಲು ಇಷ್ಟವಿರಲಿಲ್ಲ, ಚೌಳಿಗೆ ಗಾಡಿ ಹೇಳಬೇಕು ಎಂದು ಗೊಣಗುತ್ತಿದ್ದ. ಅವನನ್ನು ಒಪ್ಪಿಸಿದವಳು ದೊಡ್ಡವ್ವ. ಸಂದಿನಿಂದ ಮುಖ ತೋರಿಸಿ, ಹೆಣ್ಣು ಕೊಟ್ಟ ಮನೆಗೆ ಮಗಳನ್ನು ಮಾತ್ರ ಕಳಿಸಿದರೆ ಏನಂದುಕೊಂಡಾರು, ಮೂವರೂ ಹೋಗಿ, ನಾಮಕರಣ ಮುಗಿಸಿ ನಾಲ್ಕು ದಿನ ಇದ್ದು ಬನ್ನಿ ಎಂದು ದಿನವೂ ಹೇಳಿದಳು.

“ಮನೆ ನಾನ್ ನೋಡ್ಕಂತೀನಿ, ದೀಪ ನಾನೇ ಹಚ್ಚಿಕ್ತೀನಿ ಬುಡು. ಮ್ಯಾಲಿನ ಪಾತ್ರೆ ಎಲ್ಲ ಇಳ್ಸಿ ಕೆಳಗಿಕ್ಕು ಕಣಮ್ಮ, ಇಲಿ ಓಡಾಡಿ ಬೀಳುಸ್ತವೆ.”

ಅವ್ವ ಹಾಗೆಯೇ ಮಾಡಿದಳು. ಗೋಡೆಯ ಹಲಗೆಯ ಮೇಲಿದ್ದ ಹಿತ್ತಾಳೆ ಚೆಂಬುಗಳು, ಗಾಜಿನ ಜಾಡಿಗಳು, ದೇವರ ಪಟ, ಎಲ್ಲ ಇಳಿಸಿ ನೆಲಕ್ಕಿಟ್ಟು ಮೇಲೆ ಒಂದು ಸೀರೆ ಹೊದಿಸಿದಳು. ಬೆಳಿಗ್ಗೆ ಹೊರಡುವಾಗ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟಳು. ನಾನು ವಾಡೆ ಹತ್ತಿ ಅದನ್ನು ಸಂದಿನಲ್ಲಿ ಇಟ್ಟೆ. ಆ ಕಡೆಯಿಂದ ದೊಡ್ಡವ್ವನ ಬಳೆ ಹಾಕಿದ ಕೈ ಬಂದು ಅದನ್ನು ತೆಗೆದುಕೊಂಡು, ನನ್ನ ಬೆರಳನ್ನು ಒಂದು ಸಾರಿ ಹಿಂಡಿ, ಹಿಂದಕ್ಕೆ ಹೋಯಿತು. ಆ ಸಂದಿನಲ್ಲಿ ಕೊಟ್ಟದ್ದು ತಗೊಂಡದ್ದು ಅದೇ ಕೊನೆ.

ವಾಪಸ್ ಬಂದದ್ದು ಮಧ್ಯಾಹ್ನದ ಬಸ್ಸಿಗೆ. ನಮ್ಮ ಬೀದಿ ತಿರುಗುತ್ತಿದ್ದಂತೆ ಅಪ್ಪ ನಿಂತುಬಿಟ್ಟ. ಅವನ ಬೆನ್ನಿಗೆ ಡಿಕ್ಕಿ ಹೊಡೆದು ನಾನೂ ನಿಂತೆ. ನಮ್ಮ ಮನೆ ಅರ್ಧಕ್ಕೇ ಮುಗಿದಿತ್ತು. ನಮ್ಮ ಕಡೆಯ ಮಾಳಿಗೆ ಇದ್ದ ಹಾಗೇ ಇತ್ತು. ದೊಡ್ಡಪ್ಪನ ಕಡೆ ಮಾಳಿಗೆ ಇರಬೇಕಾದ ಜಾಗದಲ್ಲಿ ಬರೀ ಬಿಸಿಲು. ಬೀದಿಯ ತುಂಬ ಹಳೆಯ ಮಣ್ಣು, ಜಂತೆ, ಒಣಗಿ ಪುಡಿಯಾದ ಬಂದರೆ ಸೊಪ್ಪು. ಮುರಿದ ಗೋಡೆಗಳ ನಡುವೆ ಕಲ್ಲುಗಂಬ ಒಂದೇ ಯಾವ ಕೆಲಸವೂ ಇಲ್ಲದೆ ನಿಂತಿತ್ತು. ತೊಲೆಯನ್ನು ಅಡ್ಡಗೋಡೆಯ ಆ ಕಡೆಯ ಮುಖಕ್ಕೆ ಸರಿಯಾಗಿ ಕುಯ್ದಿದ್ದರು. ಹೊರಗೆಲ್ಲ ಹೊಗೆ ಹಿಡಿದು ಕಪ್ಪಾಗಿದ್ದ ತೊಲೆ ಕುಯ್ದ ಮುಖದಲ್ಲಿ ಕೆಂಪಗೆ, ಹೊಸದಾಗಿ, ಹಸಿಯಾಗಿ ಕಂಡಿತು. ಅಷ್ಟು ಹಳೆಯ ಮರದ ಒಳಗೆ ಅಷ್ಟು ಹೊಸತನ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅಪ್ಪ ಹತ್ತಿರ ಹೋಗಿ ಅದಕ್ಕೆ ಅಂಗೈ ಇಟ್ಟ.

“ಅಣ್ಣ, ಕಂಬ ನಿನ್ ಕಡೆ ಐತಲ್ಲ. ನಮ್ಮರ್ಧ ಈಗ ಯಾವುದ್ರ ಮೇಲ್ ಕುಂತೈತೆ?”

“ಗೋಡೆ ಐತಲ್ಲ. ಸಂದಿಗೆ ಕಲ್ ಕೊಟ್ಟಿದೀವಿ, ಏನಾಗಾಕಿಲ್ಲ.”

ದೊಡ್ಡಪ್ಪ ಹೀಗೆಂದದ್ದು ಅಪ್ಪನ ಮುಖ ನೋಡದೆ, ಇಟ್ಟಿಗೆಯ ರಾಶಿ ನೋಡುತ್ತಾ. ಅವ್ವನಿಗೆ ಸಿಟ್ಟು ಬಂದರೆ ಕನ್ನಡ ಮರೆಯುತ್ತಿತ್ತು. ಅವಳು ದೊಡ್ಡವ್ವನ ಮುಂದೆ ಹೋಗಿ ನಿಂತು, ಕಿರುಚದೆ, ತೆಲುಗಿನಲ್ಲಿ ಒಂದೇ ಮಾತು ಕೇಳಿದಳು, ನಂಬಿ ಬೀಗದ ಕೈ ಕೊಟ್ಟಿದ್ದೆನಲ್ಲಕ್ಕ ಎಂದು.

“ನಮ್ಮಿ ಬೀಗಂಚೆವಿ ಇಸ್ತಿನಿ ಕದಕ್ಕಾ.”

“ಯೇಳಿದ್ರೆ ನೀವು ಓಗ್ತಿದ್ರಾ?” ಎಂದಳು ದೊಡ್ಡವ್ವ.

ಅವಳು ಹೇಳಿದ್ದು ನಿಜ. ಹೇಳಿದ್ದರೆ ನಾವು ಹೋಗುತ್ತಿರಲಿಲ್ಲ. ನಾನು ಅವಳ ಕಣ್ಣನ್ನೇ ನೋಡುತ್ತಾ ನಿಂತಿದ್ದೆ. ಇದರಲ್ಲಿ ಎಲ್ಲೋ ಒಂದು ಕಡೆ, ನಿನ್ನನ್ನು ಬಿಟ್ಟು ಮಾಡಿದ್ದಲ್ಲ ಮಗಳೇ, ನಿನಗೆ ಆಮೇಲೆ ಎಲ್ಲ ಹೇಳುತ್ತೇನೆ ಎಂಬ ಸನ್ನೆ ಬರುತ್ತದೆ ಎಂದು ಕಾಯುತ್ತಿದ್ದೆ. ಅವಳು ಎಂದಿನಂತೆ ಸೆರಗಿನ ತುದಿಯಿಂದ ನನ್ನ ಮುಖದ ಧೂಳು ಒರೆಸಿ, “ಉಂಡ್ಯಾ ಮಗ?” ಎಂದು ಕೇಳಿದಳು. ಅದೇ ದನಿ, ಒಂದು ಚೂರೂ ಬದಲಾಗಿರಲಿಲ್ಲ.

ನಮ್ಮ ಮನೆಯ ಬೀಗ ತೆಗೆದು ಒಳಗೆ ಹೋದಾಗ ಕತ್ತಲೆ ಎನಿಸಿತು. ಸಂದು ಮುಚ್ಚಿತ್ತು. ತೊಲೆಯ ಕೆಳಗೆ ಚಪ್ಪಟೆ ಕಲ್ಲುಗಳನ್ನು ಬಡಿದು ಕೂರಿಸಿ ಮೇಲೆ ಕೆಸರು ಮೆತ್ತಿದ್ದರು. ಅಷ್ಟು ವರ್ಷ ಇಳಿಯುತ್ತಿದ್ದ ಗೋಡೆ ನಾವಿಲ್ಲದಾಗ ಇಳಿದು ಮುಗಿದಿತ್ತು. ನೆಲಕ್ಕಿಟ್ಟ ಚೆಂಬು ಜಾಡಿಗಳಲ್ಲಿ ಒಂದೂ ಒಡೆದಿರಲಿಲ್ಲ. ಆಗ ಅವ್ವನಿಗೂ ನನಗೂ ಒಟ್ಟಿಗೇ ಹೊಳೆಯಿತು, ಇಲಿಯ ಮಾತು ಇಲಿಗಲ್ಲ, ಗರಗಸಕ್ಕೆ. ವಾಡೆಯ ಬಾಯಿಗೆ ಯಾರೋ ಕಂಬಳಿ ಹೊದಿಸಿ ಸುತ್ತ ಹಗ್ಗ ಬಿಗಿದಿದ್ದರು, ಮೇಲಿಂದ ಉದುರುವ ಮಣ್ಣು ನಮ್ಮ ರಾಗಿಗೆ ಬೀಳದಿರಲಿ ಎಂದು. ಅದು ದೊಡ್ಡವ್ವನ ಕಂಬಳಿ. ಅವಳ ಮೈವಾಸನೆ ಅದರಲ್ಲಿತ್ತು. ಅಂದರೆ ತೊಲೆ ಕುಯ್ಯುವಾಗ ಅವಳು ನಮ್ಮ ಮನೆಯೊಳಗೆ ಬಂದು ನಿಂತು, ಏನು ಬೀಳುತ್ತದೆ, ಎಲ್ಲಿ ಬೀಳುತ್ತದೆ ಎಂದೆಲ್ಲ ಯೋಚಿಸಿದ್ದಳು. ನಮ್ಮ ಕಣ್ಣಿಗೆ ಮಣ್ಣೆರಚಿದವಳು ನಮ್ಮ ರಾಗಿಗೆ ಮಣ್ಣು ಬೀಳದಂತೆ ಕಾದಿದ್ದಳು. ಮಿಕ್ಕದ್ದನ್ನೆಲ್ಲ ನಾನು ಹೇಗೋ ಹೊಟ್ಟೆಗೆ ಹಾಕಿಕೊಂಡಿದ್ದೇನೆ. ಆ ಕಂಬಳಿಯನ್ನು ಮಾತ್ರ ಇಂದಿಗೂ ಆಗಿಲ್ಲ.

ಅಪ್ಪ ಪಂಚಾಯ್ತಿ ಸೇರಿಸಲಿಲ್ಲ. ಬೇವಿನ ಕವೆಗಳನ್ನು ತಂದು ತೊಲೆಗೆ ಆನಿಸಿದ. ಆ ವರ್ಷ ಚೌಳಿಗೆ ಗಾಡಿ ಹೋಗಲಿಲ್ಲ. ಅರ್ಧ ಮಾಳಿಗೆಗೆ ವಾಟ ಹಿಡಿಯುವುದು ಹೇಗೆಂದು ಅಪ್ಪನಿಗೆ ತಿಳಿಯಲಿಲ್ಲ, ತಿಳಿದವಳ ಜೊತೆ ನಮಗೆ ಮಾತಿರಲಿಲ್ಲ. ಅಡ್ಡಗೋಡೆ ಒಳಗಿನ ಗೋಡೆಯೆಂದು ಕಟ್ಟಿದ್ದು, ಮಳೆ ಕಾಣಬೇಕಾದ ಗೋಡೆಯಲ್ಲ. ದೊಡ್ಡಪ್ಪನ ಮನೆಗೆ ಇನ್ನೂ ಮೋಲ್ಡು ಬಿದ್ದಿರಲಿಲ್ಲ. ಮುಂಗಾರಿನ ಮೊದಲ ಮಳೆ ಆ ಬಯಲಿನ ಕಡೆಯಿಂದ ಅಡ್ಡಗೋಡೆಗೆ ನೇರವಾಗಿ ಬಡಿಯಿತು. ಸುಣ್ಣ ಕಳಚಿತು, ವರಸೆಗಳು ಒಂದೊಂದಾಗಿ ನೆನೆದು ಹೊಟ್ಟೆ ಬಿಟ್ಟವು, ಕಲ್ಲುಗಳು ಜಾರಿದವು. ಸಂಜೆಯ ಹೊತ್ತಿಗೆ ನಮ್ಮರ್ಧ ತೊಲೆ ಬೇವಿನ ಕವೆಯ ಮೇಲೆ ಕಿರ್ ಎಂದು ಕೂತಿತು. ಅಲ್ಲಿ ಇಲ್ಲಿ ತಟತಟ ಸೋರತೊಡಗಿತು. ನಾನು ನನ್ನ ಜಾಗ ಹುಡುಕಿಕೊಂಡು ಹೋಗಿ ನಿಂತೆ. ನನ್ನ ನೆತ್ತಿಯ ಮೇಲೆಯೇ ಸೋರುತ್ತಿತ್ತು.

ಮಳೆ ನಿಂತ ಮೇಲೆ, ಮಾಳಿಗೆ ತಾನಾಗಿ ಬೀಳುವ ಮೊದಲು ನಾವೇ ಇಳಿಸಿದೆವು. ತಲೆಮಾರುಗಳಿಂದ ಬುಟ್ಟಿಯಲ್ಲಿ ಮೇಲೆ ಹತ್ತಿಸಿದ ಮಣ್ಣನ್ನು ಬುಟ್ಟಿಯಲ್ಲೇ ಕೆಳಗೆ ಇಳಿಸಿದೆವು. ವರ್ಷ ವರ್ಷದ ಚೌಳು ಪದರ ಪದರವಾಗಿ ಕಾಣುತ್ತಿತ್ತು, ಒಂದು ಪದರದಲ್ಲಿ ಯಾರದೋ ಹಿಮ್ಮಡಿಯ ಗುರುತೂ ಇತ್ತು. ಅದನ್ನೆಲ್ಲ ಹಿತ್ತಲಿಗೆ ಸುರಿದದ್ದಕ್ಕೆ ಅಲ್ಲಿ ಆಮೇಲೆ ಒಂದು ಕಡ್ಡಿ ಹುಲ್ಲೂ ಹುಟ್ಟಲಿಲ್ಲ. ಮೇಲೆ ಕಲ್ನಾರು ಶೀಟು ಹಾಕಿಸಿದ ಮನೆಯಲ್ಲಿ ನಾನು ಮದುವೆಯಾಗುವವರೆಗೂ ಇದ್ದೆ. ಬೇಸಿಗೆಯಲ್ಲಿ ಮನೆ ಬಾಣಲೆ. ಅವ್ವ ಬಯ್ಯುತ್ತಿದ್ದ ಮಾಳಿಗೆಯನ್ನು ಅವ್ವನೇ ಹೆಚ್ಚು ನೆನೆಯುತ್ತಿದ್ದಳು.

ಅಂದಿನಿಂದ ನನ್ನ ಸ್ವಭಾವವೇ ಬೇರೆಯಾಯಿತು. ತಾಲ್ಲೂಕು ಕಚೇರಿಯಲ್ಲಿ ಅಷ್ಟು ವರ್ಷ ಕೆಲಸ ಮಾಡಿದೆ, ಪಾಲಿನ ತಂಟೆ ಹಿಡಿದು ಬಂದ ಅಣ್ಣತಮ್ಮಂದಿರು ನಾವು ಒಟ್ಟಿಗೇ ಇರುತ್ತೇವೆ ಮೇಡಂ ಎಂದಾಗ ನನ್ನ ಬಾಯಿಗೆ ಬರುತ್ತಿದ್ದುದು ಒಂದೇ ಪ್ರಶ್ನೆ, ಕಂಬ ಯಾರ ಕಡೆ ಇದೆ ಎಂದು. ಊರಿಗೆ ಹೋಗುವಾಗ ಪಕ್ಕದ ಮನೆಗೆ ಬೀಗದ ಕೈ ಕೊಡುವುದಿಲ್ಲ. ಗಿಡಕ್ಕೆ ನೀರು ಹಾಕುತ್ತೇವೆ ಕೊಡಿ ಎಂದರೂ 'ಗಿಡ ಒಣಗಲಿ ಬಿಡಿ' ಎನ್ನುತ್ತೇನೆ. ನನ್ನ ಯಜಮಾನರು ನಗುತ್ತಾರೆ. ಯಾರಾದರೂ ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಅಕ್ಕರೆ ತೋರಿಸಿದರೆ ನಾನು ತಕ್ಷಣ ಮೇಲೆ, ಸೂರಿನ ಕಡೆ ನೋಡುತ್ತೇನಂತೆ. ಇರಬಹುದು.

ದೊಡ್ಡವ್ವ ಇನ್ನೂ ಇದ್ದಾಳೆ, ಅದೇ ಆರ್‌ಸಿಸಿ ಮನೆಯಲ್ಲಿ, ಮಗ ಸೊಸೆ ಮೊಮ್ಮಕ್ಕಳ ಜೊತೆ. ಹೋದ ವರ್ಷ ಅವಳ ಮೊಮ್ಮಗನ ಫೋನಿನಿಂದ ಮಾತಾಡಿದಳು. ಒಳಗಿನ ಗಾರೆ ದಪ್ಪ ದಪ್ಪ ಹೆಕ್ಕಳಿಕೆಯಾಗಿ ಬೀಳುತ್ತಿದೆಯಂತೆ, ಕಂಬಿಗಳು ತುಕ್ಕು ಹಿಡಿದು ಊದಿಕೊಂಡಿವೆಯಂತೆ. ನೋಡಲು ಬಂದ ಇಂಜಿನಿಯರ್ ತಾರಸಿಗೆ ಏನು ಹಾಕಿದ್ದಿರಿ ಎಂದು ಕೇಳಿದನಂತೆ. ಇವಳು ಮೋಲ್ಡು ಹಾಕಿದ ಮರುವರ್ಷದಿಂದಲೇ, ಕೈ ಸುಮ್ಮನಿರದೆ, ಮುಂಗಾರಿಗೆ ಮುಂಚೆ ಚೌಳು ಹಾಸಿಸಿ ತುಳಿಸುತ್ತಾ ಬಂದಿದ್ದಳು. ಸಿಮೆಂಟಿನ ಮೇಲೆ! ಉಪ್ಪು ನೀರು ಒಳಗಿಳಿದು ಕಬ್ಬಿಣವನ್ನು ತಿಂದುಹಾಕಿದೆ. “ಚೌಳು ಕಬ್ಣ ತಿಂತದಂತಲ್ಲ ಮಗ, ನಿಂಗೆ ಗೊತ್ತಿತ್ತಾ?” ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ ಎಂದೆ, ನಿಜವಾಗಿಯೂ ಗೊತ್ತಿರಲಿಲ್ಲ. ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಮಣ್ಣು ನಾಲಗೆಗಿಟ್ಟು ಚುರ್ ಎನ್ನುತ್ತಾ ಎಂದು ಕೇಳುತ್ತಿದ್ದ ಆ ದನಿಯೇ ಫೋನಿನಲ್ಲಿ ಕೇಳಿದ್ದರಿಂದ ಖುಷಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಷ್ಟು ಹೊತ್ತು ಮಾತಾಡಿದಳು, ತೊಲೆಯ ಸುದ್ದಿ ತೆಗೆಯಲಿಲ್ಲ. ಈಗಲಾದರೂ ತೆಗೆಯುತ್ತಾಳೇನೋ ಎಂದು ಫೋನು ಕಿವಿಗೆ ಒತ್ತಿಕೊಂಡು ಕಾದದ್ದು ನಾನು.

ಅವರ ಮನೆಯ ಗೃಹಪ್ರವೇಶದ ದಿನವನ್ನು ಹೇಳದೆ ಮುಂದೆ ಬಂದುಬಿಟ್ಟೆ. ಅದು ನಾವು ಶೀಟು ಹಾಕಿಸಿದ ಮೇಲೆ, ಕಾರ್ತಿಕದಲ್ಲಿ. ದಾಯಾದಿಗಳು ಹೋಗದಿದ್ದರೆ ಊರು ನಾಲ್ಕು ಮಾತಾಡುತ್ತದೆ ಎಂದು ಅಪ್ಪ ಹಟ ಹಿಡಿದ. ಅವ್ವ ಒಳ್ಳೆಯ ಸೀರೆ ಉಟ್ಟಳು, ನನಗೆ ತಲೆ ಬಾಚಿ ಹೂವು ಮುಡಿಸಿದಳು. ಅವರ ಮನೆ ಸಿಮೆಂಟಿನ ವಾಸನೆ ಹೊಡೆಯುತ್ತಿತ್ತು. ಬಾಗಿಲಿಗೆ ಮಾವಿನ ತೋರಣ, ಬಾಗಿಲ ಒಳಗೆ ಆರತಿ ತಟ್ಟೆ ಹಿಡಿದ ದೊಡ್ಡವ್ವ. ಬಂದವರೆಲ್ಲ ಬಲಗಾಲು ಮುಂದಿಟ್ಟು ಹೊಸ್ತಿಲು ದಾಟಿ ಒಳಗೆ ಹೋಗುತ್ತಿದ್ದರು. ಅಪ್ಪ ದಾಟಿದ. ಅವನ ಹಿಂದೆ ನಾನು ತಲೆ ಬಗ್ಗಿಸಿಕೊಂಡು ಹೋದದ್ದರಿಂದ ನನಗೆ ಕಂಡಿತು. ಹೊಸ್ತಿಲಿಗೆ ಅರಿಶಿನ ಬಳಿದು ಕುಂಕುಮ ಇಟ್ಟಿದ್ದರು. ಅರಿಶಿನದ ಕೆಳಗೆ ಮರ ಕೆಂಪಗಿತ್ತು. ಬಡಗಿ ಎಷ್ಟು ಹತ್ತರಿ ಹೊಡೆದರೂ ಹೋಗದ ಎರಡು ಗೀರುಗಳು ಅದರ ಮೇಲಿದ್ದವು. ಗೀರಿನ ತುಂಬ ಅರಿಶಿನ ತುಂಬಿಕೊಂಡಿತ್ತು. ನನ್ನ ತೊಟ್ಟಿಲ ಗೀರು.

ನಾನು ಬಲಗಾಲನ್ನು ಹೊಸ್ತಿಲ ಮೇಲಿಟ್ಟೆ. ಎಡಗಾಲನ್ನೂ ತಂದು ಪಕ್ಕದಲ್ಲಿಟ್ಟು ಅದರ ಮೇಲೆ ನಿಂತೆ.

“ಹೊಸ್ಲು ತುಳೀಬಾರ್ದು ಕಣಮ್ಮ, ದಾಟ್ಕಂಡು ಬಾ,” ಎಂದಳು ದೊಡ್ಡವ್ವ.

“ತುಳಿಯೋದು ನೀನೇ ತಾನೆ ಕಲ್ಸಿದ್ದು.”

ಹಿಮ್ಮಡಿ ಊರಿ, ಅವಳು ಹೇಳಿಕೊಟ್ಟ ಹಾಗೆಯೇ, ಒಂದು ಕಾಲಾದ ಮೇಲೆ ಇನ್ನೊಂದು ಕಾಲು, ನಾನು ತುಳಿಯತೊಡಗಿದೆ. ಅಂಗಾಲಿಗೆ ಗೀರುಗಳು ತಾಕುತ್ತಿದ್ದವು. ದೊಡ್ಡವ್ವ ಆರತಿ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡ ರಭಸಕ್ಕೆ ದೀಪ ಆರಿತು. ಒಳಗಿದ್ದವರು ಬಾಗಿಲ ಕಡೆ ತಿರುಗಿ ನೋಡಿದರು. ನಾನು ಬೆನ್ನಿಗೆ ಬೀಳುವ ಗುದ್ದಿಗೆ ಕಾಯುತ್ತಿದ್ದೆ. ಅವ್ವ ನನ್ನ ಹಿಂದೆಯೇ ಮೆಟ್ಟಿಲ ಮೇಲಿದ್ದಳು, ಅವಳ ಉಸಿರು ನನ್ನ ಕತ್ತಿಗೆ ತಾಕುತ್ತಿತ್ತು. ಗುದ್ದು ಬೀಳಲಿಲ್ಲ. ನಾನು ತುಳಿದು ಮುಗಿಸುವವರೆಗೂ ಅವ್ವ ಅಲ್ಲೇ ಕಾದು ನಿಂತಿದ್ದಳು.